ಬಾಯಲ್ಲಿ ನೀರೂರುವುದಷ್ಟೇ ಅಲ್ಲ

ಪರದೆಯ ಮೇಲೆ ಕಾಣುತ್ತಿರುವುದು ನನ್ನದೇ ನಾಲಿಗೆಯ ಅಡಿಭಾಗ. ಆ ಜಾಗವನ್ನು ಶುಭ್ರವಾದ ಬಟ್ಟೆಯಿಂದ ಒರೆಸಿ ಒಣಗಿಸಿದ್ದೇನೆ. ನಡುವಿನ ಪೊರೆಯ ಇಕ್ಕೆಲಗಳಲ್ಲಿರುವ ಎರಡು ಪುಟ್ಟ ಉಬ್ಬುಗಳನ್ನು ನೋಡುತ್ತಿರಿ. ಸ್ವಲ್ಪ ಹೊತ್ತಿನಲ್ಲೇ ಅವುಗಳ ತುದಿಯಲ್ಲಿ ತಿಳಿಯಾದ ಹನಿಯೊಂದು ಜಿನುಗುತ್ತದೆ. ಅದು ಕೆಳದವಡೆಯ ಒಳಬದಿಯ ಗ್ರಂಥಿಗಳಿಂದ ಬರುವ ಲಾಲಾರಸ. ಮಂಗನಬಾವು ಬಂದಾಗ ಊದಿಕೊಳ್ಳುವ, ಕಿವಿಯ ಮುಂದಿನ ದೊಡ್ಡ ಗ್ರಂಥಿಗಳ ನಾಳಗಳು ಕೆನ್ನೆಯ ಒಳಗೆ, ಮೇಲಿನ ಎರಡನೆಯ ದವಡೆ ಹಲ್ಲಿನ ಎದುರಿಗೆ ತೆರೆದುಕೊಳ್ಳುತ್ತವೆ. ನಾಲಿಗೆಯಡಿಯ ಇನ್ನೊಂದು ಜೋಡಿ ಮತ್ತು ತುಟಿ, ಕೆನ್ನೆ, ಅಂಗುಳಗಳಲ್ಲಿ ಹರಡಿಕೊಂಡ ನೂರಾರು ಕಿರುಗ್ರಂಥಿಗಳೂ ಸೇರಿ ದಿನಕ್ಕೆ ಸುಮಾರು 0.5ರಿಂದ 1.5 ಲೀಟರ್ ಲಾಲಾರಸವನ್ನು ಸ್ರವಿಸುತ್ತವೆ. ಅದನ್ನೆಲ್ಲ ಆಗಾಗ ನುಂಗಿಬಿಡುವುದರಿಂದ ಲೆಕ್ಕ ನಮ್ಮ ಗಮನಕ್ಕೆ ಬರುವುದಿಲ್ಲ.

ಲಾಲಾರಸದಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ನಿಜವೇ ಆದರೂ ತುತ್ತು ಬಾಯಲ್ಲಿ ಉಳಿಯುವುದು ಅಲ್ಪಕಾಲ, ಮತ್ತು ಪಿಷ್ಟವನ್ನು ಜೀರ್ಣಿಸುವ ಹೆಚ್ಚಿನ ಕೆಲಸ ಸಣ್ಣಕರುಳಿನಲ್ಲಿ ನಡೆಯುತ್ತದೆ. ನನ್ನನ್ನು ಕೇಳಿದರೆ, ಶೇಕಡಾ 99ರಷ್ಟು ನೀರೇ ಆಗಿರುವ ಈ ದ್ರವದ ದೊಡ್ಡ ಕೆಲಸ ಹಲ್ಲುಗಳನ್ನು ಕಾಯುವುದು.

ನಾವು ಸಿಹಿ ತಿಂದಾಗ ಹಲ್ಲಿನ ಮೇಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಅಲ್ಲಿನ ಪಿಎಚ್ (ಇದು ಕಡಿಮೆಯಾದಷ್ಟೂ ಆಮ್ಲೀಯತೆ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಬರತೊಡಗುತ್ತವೆ. ಲಾಲಾರಸದ ಬೈಕಾರ್ಬನೇಟ್ ಆ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಲಾಲಾರಸವು ತನ್ನಲ್ಲಿ ಕರಗಿರುವ ಅದೇ ಖನಿಜಗಳನ್ನು ಹಲ್ಲಿಗೆ ಮರಳಿ ತುಂಬಿಕೊಡುತ್ತದೆ. ಈ ರಿಪೇರಿಗೆ ಸಮಯ ಬೇಕು: ಪಿಎಚ್ ಮೊದಲಿನ ಮಟ್ಟಕ್ಕೆ ಬರಲು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಆದ್ದರಿಂದಲೇ ಸಿಹಿ ಪಾನೀಯವನ್ನು ಒಮ್ಮೆಗೇ ಕುಡಿದು ಮುಗಿಸುವುದಕ್ಕಿಂತ, ಮೇಜಿನ ಮೇಲಿಟ್ಟುಕೊಂಡು ಗಂಟೆಗಟ್ಟಲೆ ಗುಟುಕರಿಸುವುದು ಹಲ್ಲಿಗೆ ಹೆಚ್ಚು ಹಾನಿಕರ.

ರುಚಿಗೂ ಲಾಲಾರಸ ಬೇಕೇ ಬೇಕು. ನಾಲಿಗೆಯನ್ನು ಚೆನ್ನಾಗಿ ಒರೆಸಿ ಒಣ ಸಕ್ಕರೆಯ ನಾಲ್ಕು ಹರಳುಗಳನ್ನು ಇಟ್ಟುಕೊಂಡು ನೋಡಿ; ಹರಳು ತೇವಗೊಂಡು ಕರಗುವವರೆಗೆ ಸಿಹಿ ತಿಳಿಯುವುದಿಲ್ಲ.

ಲಾಲಾರಸದ ಹರಿವು ನಮ್ಮ ಇಚ್ಛೆಯಂತೆ ನಡೆಯುವುದಲ್ಲ, ಅದನ್ನು ಸ್ವನಿಯಂತ್ರಿತ ನರಗಳು ನಡೆಸುತ್ತವೆ. ಭಯವಾದಾಗ ಬಾಯಿ ಒಣಗುವುದು, ವಾಂತಿಗೆ ಮುಂಚೆ ಬಾಯಿ ತುಂಬ ನೀರು ಬರುವುದು ಎರಡೂ ಅವುಗಳದೇ ಕೆಲಸ. ಎರಡನೆಯದರಿಂದ ಜಠರದ ಆಮ್ಲ ಬಾಯಿಗೆ ಬರುವ ಮೊದಲೇ ಹಲ್ಲಿಗೊಂದಿಷ್ಟು ರಕ್ಷಣೆ ಸಿಗುತ್ತದೆ. ನಿದ್ದೆಯಲ್ಲಂತೂ ಹರಿವು ಬಹುತೇಕ ನಿಂತೇ ಹೋಗುತ್ತದೆ. ಬೆಳಗಿನ ಬಾಯಿವಾಸನೆಗೆ ಇದೂ ಒಂದು ಕಾರಣ, ರಾತ್ರಿ ಹಲ್ಲುಜ್ಜದೆ ಮಲಗಬಾರದು ಎನ್ನುವುದಕ್ಕೂ ಇದೇ ಕಾರಣ.

ಅಲರ್ಜಿ, ಖಿನ್ನತೆ, ರಕ್ತದೊತ್ತಡಗಳಿಗೆ ಕೊಡುವ ಕೆಲವು ಔಷಧಿಗಳಿಂದಲೂ, ತಲೆ ಮತ್ತು ಕತ್ತಿನ ಭಾಗಕ್ಕೆ ನೀಡುವ ವಿಕಿರಣ ಚಿಕಿತ್ಸೆಯಿಂದಲೂ ಲಾಲಾರಸ ಕಡಿಮೆಯಾಗಬಹುದು. ಒಣ ತಿಂಡಿ ನುಂಗಲು ಪ್ರತಿ ಬಾರಿಯೂ ನೀರು ಬೇಕಾಗುತ್ತಿದ್ದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರಿಗೆ ತಿಳಿಸಿ, ದಂತವೈದ್ಯರಿಗೂ ಹೇಳಿ. ಅಲ್ಲಿಯವರೆಗೆ ಸಕ್ಕರೆರಹಿತ ಚೂಯಿಂಗ್ ಗಮ್ ಜಗಿಯಬಹುದು, ಏಕೆಂದರೆ ಜಗಿಯುವ ಕ್ರಿಯೆಯೇ ಗ್ರಂಥಿಗಳನ್ನು ಪ್ರಚೋದಿಸುತ್ತದೆ.