ಪಾಲಿಸಿಯಲ್ಲಿ ಎಂಟು ಆಳು, ಮೋಲ್ಡ್ ಮೇಲೆ ಹದಿನಾಲ್ಕು

ಕೇಳುಗರಿಗೆ ನಮಸ್ಕಾರ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಮನೆ, ಹೋಂಸ್ಟೇ, ಕಾಂಪ್ಲೆಕ್ಸ್ ಕಟ್ಟುವ ಗುತ್ತಿಗೆ ಹಿಡಿದು ಇಪ್ಪತ್ತೇಳು ವರ್ಷ ಕಳೆದವನು ನಾನು. ಇವತ್ತು ಸಿಮೆಂಟು, ಕಬ್ಬಿಣದ ಮಾತು ಬೇಡ. ವಿಮೆಯ ಮಾತಾಡೋಣ. ಬೇಜಾರಿನ ವಿಷಯ ಅಂತ ನನಗೂ ಗೊತ್ತು, ಆದರೂ ಸ್ವಲ್ಪ ಕೇಳಿ.

ಹಾಸನದ ಹೊರಗೊಂದು ಸೈಟು. ಎರಡನೇ ಮಹಡಿಗೆ ಮೋಲ್ಡ್ ಹಾಕುವ ದಿನ. ಬೆಳಿಗ್ಗೆಯಿಂದ ಮೋಡ. ಮಳೆ ಹಿಡಿಯುವುದರೊಳಗೆ ಮುಗಿಯಲಿ ಅಂತ ಸೆಂಟ್ರಿಂಗ್ ಮೇಸ್ತ್ರಿ ಆರು ಜನರನ್ನು ಜಾಸ್ತಿ ಕರೆತಂದಿದ್ದರು. ಮಧ್ಯಾಹ್ನ ಬಾಂಡ್ಲಿ ಕೈಗೆ ಕೈ ದಾಟಿಸುವಾಗ ಒಬ್ಬ ಹುಡುಗನ ಕಾಲಡಿಯ ಹಲಗೆ ಜಾರಿತು. ಬಿದ್ದ. ಸೊಂಟದ ಮೂಳೆ ಮುರಿಯಿತು, ಜೀವ ಉಳಿಯಿತು. ಅವನ ಹೆಸರು ಕೂಡ ನನಗೆ ಗೊತ್ತಿರಲಿಲ್ಲ. ಅವತ್ತು ಬೆಳಿಗ್ಗೆ ತಾನೇ ಬಂದವನು.

ಬ್ಯಾಗಿನಲ್ಲಿ ಕಾರ್ಮಿಕರ ಪರಿಹಾರದ ಪಾಲಿಸಿ ಇತ್ತು, ಅದೇ ಧೈರ್ಯ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತೆಗೆದು ಓದಿದೆ. ಆಳುಗಳು 8. ಮೋಲ್ಡ್ ಮೇಲಿದ್ದವರು 14. ಕಂತು ಉಳಿಸಲು ಕಡಿಮೆ ಬರೆಸಿದ್ದು ಬೇರೆ ಯಾರೂ ಅಲ್ಲ, ನಾನೇ. ಸಾಲದ್ದಕ್ಕೆ ಆ ಹುಡುಗ ಮೇಸ್ತ್ರಿಯ ಕಡೆಯವನು. ಚದರದ ಲೆಕ್ಕಕ್ಕೆ ತುಂಡು ಗುತ್ತಿಗೆ ಹಿಡಿದವರ ಆಳುಗಳನ್ನು ಆ ಪಾಲಿಸಿಗೆ ಸೇರಿಸಿಯೇ ಇರಲಿಲ್ಲ. ಒಂದು ರೂಪಾಯಿಯೂ ಬರಲಿಲ್ಲ. ಮಿಕ್ಸರ್ ಮೆಷಿನ್ ಮಾರಿ ಖರ್ಚು ಕಟ್ಟಿದೆ.

‘ನನ್ನ ಆಳಲ್ಲ’ ಅನ್ನಬಹುದಿತ್ತು, ಅಲ್ವಾ? ಕಾನೂನು ಕೇಳುವುದಿಲ್ಲ. 1923ರ ಕಾರ್ಮಿಕರ ಪರಿಹಾರ ಕಾಯಿದೆಯಿಂದಲೂ ಮಾತು ಒಂದೇ. ಮುಖ್ಯ ಗುತ್ತಿಗೆದಾರ ತನ್ನ ಕೆಲಸವನ್ನು ತುಂಡು ಗುತ್ತಿಗೆಗೆ ಕೊಟ್ಟರೂ ಪರಿಹಾರವನ್ನು ಅವನಿಂದಲೇ ಕೇಳಬಹುದು. ಆಮೇಲೆ ಬೇಕಿದ್ದರೆ ಮೇಸ್ತ್ರಿಯಿಂದ ವಸೂಲಿ ಮಾಡಿಕೊಳ್ಳಲಿ. ಮೇಸ್ತ್ರಿ ಹತ್ತಿರ ಏನಿರುತ್ತದೆ? ಒಂದು ಹಳೇ ಬೈಕು, ನಾಲ್ಕು ಜಾಕಿ. ಆ ಕಾಯಿದೆ 2025ರ ನವೆಂಬರ್‌ನಲ್ಲಿ ಸಾಮಾಜಿಕ ಭದ್ರತೆಯ ಸಂಹಿತೆಯೊಳಗೆ ಸೇರಿತು. ಈ ಹೊಣೆ ಮಾತ್ರ ಹಾಗೇ ಇದೆ.

ಮೊತ್ತ ಎಷ್ಟು ಅನ್ನುತ್ತೀರಾ? ಕೆಲಸದಲ್ಲಿ ಜೀವ ಹೋದರೆ ತಿಂಗಳ ಕೂಲಿಯ ಅರ್ಧವನ್ನು, ಆಯಾ ವಯಸ್ಸಿಗೆ ಕಾನೂನಿನಲ್ಲೇ ಕೊಟ್ಟಿರುವ ಗುಣಕದಿಂದ ಗುಣಿಸುತ್ತಾರೆ. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿಯನ್ನು 2020ರ ಜನವರಿಯಲ್ಲಿ 15,000 ರೂಪಾಯಿ ಮಾಡಿದರು. 30 ವರ್ಷದವನ ಗುಣಕ 207.98. ಅರ್ಧ ಕೂಲಿ 7,500. ಗುಣಿಸಿದರೆ 15,59,850 ರೂಪಾಯಿ. ವಯಸ್ಸು ಚಿಕ್ಕದಾದಷ್ಟೂ ಮೊತ್ತ ದೊಡ್ಡದು.

ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ. ಅಪಘಾತದಲ್ಲಿ ಸತ್ತರೆ 2 ಲಕ್ಷ. ಆಳುಗಳಿಗೆಲ್ಲ ಮಾಡಿಸಿ, ಒಳ್ಳೆಯದೇ. ಆದರೆ ಅದು ಅವರ ದುಡ್ಡು, ಅದರಿಂದ ನಿಮ್ಮ ಹೊಣೆ ತೀರುವುದಿಲ್ಲ.

ಇನ್ನು ‘ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್’ ಪಾಲಿಸಿ. ಹೆಸರಿನಲ್ಲಿ ಎಲ್ಲ ಇದೆ, ಒಳಗೆ ಎಲ್ಲ ಇಲ್ಲ. ಕಟ್ಟುತ್ತಿರುವ ಗೋಡೆ ಮಳೆಗೆ ಕುಸಿದರೆ, ದಾರಿಹೋಕರ ತಲೆ ಮೇಲೆ ಇಟ್ಟಿಗೆ ಬಿದ್ದರೆ ಅದು ನೋಡಿಕೊಳ್ಳುತ್ತದೆ. ನಮ್ಮದೇ ಆಳು ಬಿದ್ದರೆ ನೋಡುವುದಿಲ್ಲ, ಅದಕ್ಕೆ ಕಾರ್ಮಿಕರ ಪರಿಹಾರದ ಪಾಲಿಸಿ ಬೇರೆ ಬೇಕು. ಚಿಕ್ಕಮಗಳೂರಿನ ಪೇಟೆಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಸೆಲ್ಲಾರ್‌ಗೆ ಅಂತ ಮಣ್ಣು ತೆಗೆದರೆ ಪಕ್ಕದವರ ಪಾಯ ಬಾಯಿ ಬಿಡುತ್ತದೆ. ಆಧಾರ ಸಡಿಲಾಗಿ ಆದ ಇಂಥ ನಷ್ಟಕ್ಕೆ ಪರಿಹಾರ, ಅದೂ ಬೇಕೆಂದು ಕೇಳಿ, ಹೆಚ್ಚಿನ ಕಂತು ಕಟ್ಟಿ ಸೇರಿಸಿಕೊಂಡರೆ ಮಾತ್ರ ಸಿಗುತ್ತದೆ. ಅಗೆಯುವ ಮೊದಲು ಪಕ್ಕದ ಯಜಮಾನರನ್ನೇ ನಿಲ್ಲಿಸಿಕೊಂಡು ಅವರ ಗೋಡೆಗಳ ಫೋಟೋ ಹೊಡೆಯಿರಿ. ಹಳೇ ಬಿರುಕು ಯಾವುದು, ಹೊಸದು ಯಾವುದು ಅನ್ನುವ ಜಗಳ ಅಲ್ಲೇ ಮುಗಿಯುತ್ತದೆ.

ತಾರೀಖು ನೋಡಿ. ಮೇ ತಿಂಗಳಿಗೆ ಮುಗಿಸುತ್ತೇವೆ ಅಂದ ಕೆಲಸ ಮೂಡಿಗೆರೆ, ಸಕಲೇಶಪುರದ ಮಳೆಯಲ್ಲಿ ದಸರಾ ದಾಟುತ್ತದೆ. ಪಾಲಿಸಿ ಮೇಗೇ ನಿಂತಿರುತ್ತದೆ. ಮುಗಿಯುವ ಮೊದಲೇ ವಿಸ್ತರಿಸಿಕೊಳ್ಳಿ. ಮನೆ ಕಟ್ಟಿಸುವವರೂ ಕೆಲಸ ಶುರುವಾಗುವ ಮೊದಲು ಗುತ್ತಿಗೆದಾರರಿಂದ ಪಾಲಿಸಿಯ ಪ್ರತಿ ತೆಗೆದುಕೊಂಡು, ನಿಮ್ಮ ಸೈಟಿನ ವಿಳಾಸ ಅದರಲ್ಲಿದೆಯಾ ಅಂತ ಓದಿ. ಸಂಕೋಚ ಬೇಡ.

ಮೊನ್ನೆ ಬೇಲೂರಿನಲ್ಲಿ ಮೋಲ್ಡ್ ಇತ್ತು. ‘ಅಣ್ಣಾ, ಇಬ್ಬರು ಜಾಸ್ತಿ ಬಂದಿದ್ದಾರೆ’ ಅಂದರು ಮೇಸ್ತ್ರಿ. ಏಜೆಂಟರಿಗೆ ಫೋನ್ ಮಾಡಿ, ಕಂತು ಕಟ್ಟಿ, ಸೇರಿಸಿದ ಕಾಗದ ಮೊಬೈಲಿಗೆ ಬರುವ ತನಕ ಇಬ್ಬರನ್ನೂ ಕೆಳಗೇ ಕೂರಿಸಿದೆ. ಎರಡು ಸಲ ಕಾಫಿ ಆಯಿತು. ಮೋಡ ನೋಡಿಕೊಂಡು ಮೇಸ್ತ್ರಿ ಗೊಣಗುತ್ತಲೇ ಇದ್ದರು.