ಕಂಚಿ ಮರದ ಒಳವಾಸಿ ಶಿಲೀಂಧ್ರಗಳು

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ, ಹೊಸನಗರ ಕಡೆ ಅಡಿಕೆ ತೋಟದ ಅಂಚಿನಲ್ಲಿ ನಿಂಬೆ ಜಾತಿಯ ಕಂಚಿಯೋ ಹೇರಳೆಯೋ ಗಜಲಿಂಬೆಯೋ ಕಾಣಸಿಗುತ್ತದೆ. ಅದರಿಂದ ಒಂದು ಚುಕ್ಕೆಯೂ ಇಲ್ಲದ ಬಲಿತ ಎಲೆ ಕಿತ್ತರೂ ಅದರೊಳಗೆ ಶಿಲೀಂಧ್ರ ಇರುತ್ತದೆ. ರೋಗಲಕ್ಷಣ ತೋರದೆ ಗಿಡದೊಳಗೆ ಬದುಕುವ ಇಂಥವನ್ನು ಎಂಡೋಫೈಟ್ ಎನ್ನುತ್ತೇವೆ. ಹೊಸ ಚಿಗುರಿನಲ್ಲಿ ಇವು ಕಡಿಮೆ. ಮಳೆಹನಿ, ಗಾಳಿಯ ಜೊತೆ ಬಂದ ಬೀಜಕಣಗಳು ಎಲೆ ಬಲಿಯುತ್ತ ಹೋದಂತೆ ಒಳಸೇರುತ್ತವೆ.

ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲು ಇವನ್ನು ಎಲೆಯಿಂದ ಹೊರತೆಗೆಯುವಾಗ ಹೆಚ್ಚಿನವರು ಎಡವುವುದು ಮೇಲ್ಮೈ ಶುದ್ಧೀಕರಣದಲ್ಲಿ. ಮಳೆಗಾಲದ ಎಲೆಯ ಮೇಲೆ ಕಪ್ಪು ಬೂಷ್ಟು, ಪಾಚಿ ಕೂತಿರುತ್ತದೆ. ಮೊದಲು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಆಮೇಲೆ ಶೇ. 70ರ ಆಲ್ಕೋಹಾಲಿನಲ್ಲಿ 1 ನಿಮಿಷ, ಶೇ. 2ರ ಸೋಡಿಯಂ ಹೈಪೋಕ್ಲೋರೈಟಿನಲ್ಲಿ 3 ನಿಮಿಷ, ಮತ್ತೆ ಆಲ್ಕೋಹಾಲಿನಲ್ಲಿ 30 ಸೆಕೆಂಡು, ಕೊನೆಗೆ ಕ್ರಿಮಿಶುದ್ಧ ನೀರಿನಲ್ಲಿ 3 ಸಲ. ಎಳೆ ಎಲೆಗೆ ಈ ಹೊತ್ತು ಹೆಚ್ಚಾಯಿತು, ಕಡಿಮೆ ಮಾಡಿ. ಇಡೀ ಎಲೆಯನ್ನೇ ಶುದ್ಧಿ ಮಾಡಿ, 5 ಮಿ.ಮೀ. ತುಂಡು ಮಾಡುವುದು ಆಮೇಲೆ. ಮೊದಲೇ ಕತ್ತರಿಸಿದರೆ ಕ್ಲೋರಿನ್ ಕೊಯ್ದ ಅಂಚಿನಿಂದ ಒಳನುಗ್ಗಿ, ನಮಗೆ ಬೇಕಾದದ್ದನ್ನೇ ಕೊಲ್ಲುತ್ತದೆ. ಕೊನೆಯ ತೊಳೆನೀರನ್ನು 0.1 ಮಿ.ಲೀ.ನಷ್ಟು, ಶಿಲೀಂಧ್ರ ಬೆಳೆಸುವ ಅಗರ್ ತುಂಬಿದ ಬೇರೆ ತಟ್ಟೆಗೆ ಹಾಕಿಡಿ. ಅಲ್ಲಿ ಏನಾದರೂ ಬೆಳೆಯಿತೋ, ಮೇಲ್ಮೈ ಶುದ್ಧವಾಗಿಲ್ಲ ಎಂದರ್ಥ; ಆ ಸಲದ ಫಲಿತಾಂಶವನ್ನು ನಂಬಬೇಡಿ.

ಶಿಲೀಂಧ್ರ ಬೆಳೆಸುವ ಮಾಧ್ಯಮ ಆಲೂಗಡ್ಡೆಯದೇ ಸಾಕು: ಲೀಟರಿಗೆ 200 ಗ್ರಾಂ ಆಲೂಗಡ್ಡೆ ಬೇಯಿಸಿ ಸೋಸಿದ ನೀರು, 20 ಗ್ರಾಂ ಡೆಕ್ಸ್ಟ್ರೋಸ್, 15 ಗ್ರಾಂ ಅಗರ್, ಬ್ಯಾಕ್ಟೀರಿಯಾ ತಡೆಯಲು ಕ್ಲೋರಾಂಫೆನಿಕಾಲ್. ತಟ್ಟೆಗೆ ಐದೇ ತುಂಡು. 25ರಿಂದ 28 ಡಿಗ್ರಿಯಲ್ಲಿಟ್ಟು ದಿನವೂ ನೋಡಿ, ಶಿಲೀಂಧ್ರದ ಎಳೆ ಕಂಡ ಕೂಡಲೇ ತುದಿ ಕತ್ತರಿಸಿ ಬೇರೆ ತಟ್ಟೆಗೆ ಹಾಕಿ. ವಾರ ಬಿಟ್ಟು ನೋಡಿದರೆ ವೇಗವಾಗಿ ಹಬ್ಬುವುದೊಂದೇ ಉಳಿದಿರುತ್ತದೆ. ನಿಧಾನಿಗಳಿಗೆ 3–4 ವಾರ ಕಾಯಲೇಬೇಕು.

ನಿಂಬೆ ಜಾತಿಯಲ್ಲಿ ಪದೇ ಪದೇ ಸಿಗುವುದು ಕೊಲೆಟೋಟ್ರೈಕಮ್, ಡಯಾಪೋರ್ತೆ, ಫೈಲೋಸ್ಟಿಕ್ಟಾ. ಕೊನೆಯದರಲ್ಲಿ ಹೆಚ್ಚು ಎಚ್ಚರ ಬೇಕು. ಫೈಲೋಸ್ಟಿಕ್ಟಾ ಕ್ಯಾಪಿಟಾಲೆನ್ಸಿಸ್ ನಿಂಬೆಗೆ ನಿರುಪದ್ರವಿ. ಅದರ ದಾಯಾದಿ ಸಿಟ್ರಿಕಾರ್ಪಾ ಹಣ್ಣಿನ ಕಪ್ಪುಚುಕ್ಕೆ ರೋಗ ತರುವಂಥದ್ದು, ಯುರೋಪಿನಲ್ಲಿ ಕ್ವಾರಂಟೈನ್ ಪಟ್ಟಿಯಲ್ಲಿದೆ. ಓಟ್ಸ್ ಅಗರ್ ಮೇಲೆ ಸಿಟ್ರಿಕಾರ್ಪಾ ಹಳದಿ ಬಣ್ಣ ಬಿಡುತ್ತದೆ, ಕ್ಯಾಪಿಟಾಲೆನ್ಸಿಸ್ ಬಿಡುವುದಿಲ್ಲ. ಆದರೂ ಡಿಎನ್‌ಎ ನೋಡದೆ ಹೆಸರು ಬರೆಯಬೇಡಿ.

ಈಗ ತೋಟದ ಮಾತು. ರೆಂಬೆ ತುದಿಯಿಂದ ಒಣಗುತ್ತದೆ, ಪ್ರಯೋಗಾಲಯದಲ್ಲಿ ಕೊಲೆಟೋಟ್ರೈಕಮ್ ಸಿಗುತ್ತದೆ, ಸಿಕ್ಕಿತಲ್ಲ ಎಂದು ಔಷಧಿ ಹೊಡೆಯುತ್ತೇವೆ. ಅದು ಆರೋಗ್ಯವಾಗಿರುವ ರೆಂಬೆಯಲ್ಲೂ ಸಿಗುತ್ತಿತ್ತು! ಮರ ಸೊರಗಿದಾಗ ಮಾತ್ರ ಅದು ಮೇಲೇಳುತ್ತದೆ. ಸೊರಗಿದ್ದೇಕೆ ಎಂದು ಬುಡ ಕೆದಕಿ ನೋಡಿ. ಬೇರಿನ ಸಿಪ್ಪೆ ಕೈಗೆ ಸುಲಿದು ಬಂದರೆ ನೀರು ನಿಂತು, ಬೇರು ಕೊಳೆಸುವ ಫೈಟಾಫ್ತೊರಾ ರೋಗಾಣು ಬಿದ್ದಿರುವ ಸಂಭವ ಹೆಚ್ಚು; ಬಸಿಗಾಲುವೆ ಬಿಡಿಸುವುದು ಮೊದಲ ಕೆಲಸ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಮೇಲ್ಮೈಯನ್ನು ಕಾಯುತ್ತದೆ, ಒಳಗೆ ಕೂತದ್ದನ್ನು ಮುಟ್ಟುವುದಿಲ್ಲ. ಒಣಗಿದ ರೆಂಬೆಯನ್ನು ಹಸಿ ಭಾಗದವರೆಗೆ ಇಳಿದು, ಮಳೆಯಿಲ್ಲದ ದಿನ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 1 ಲೀಟರ್ ನೀರು. ಕಬ್ಬಿಣದ ಪಾತ್ರೆ ಬೇಡ.

ಉಪ್ಪಿನಕಾಯಿಗೆಂದು ಕಾಯಿ ಕೂಡಿಡುವವರಿಗೂ ಇದು ಸಂಬಂಧಿಸಿದ್ದೇ. ತೊಟ್ಟಿನಲ್ಲಿ ಸುಮ್ಮನಿದ್ದ ಲೇಸಿಯೊಡಿಪ್ಲೋಡಿಯಾ ಎಂಬ ಶಿಲೀಂಧ್ರ, ಕೊಯ್ದ ಮೇಲೆ ತೊಟ್ಟು ಒಣಗಿ ಕಳಚುವಾಗ ಹಣ್ಣಿಗೆ ಇಳಿದು ಅಲ್ಲಿಂದಲೇ ಕೊಳೆಸುತ್ತದೆ. ಕಾಯಿಯನ್ನು ಎಳೆದು ಕೀಳದೆ, ಹಸಿರು ತೊಟ್ಟು ಉಳಿಯುವಂತೆ ಕತ್ತರಿಯಲ್ಲಿ ಕೊಯ್ಯಿರಿ.