ಅಳಿಸುವ ಮುಂಚೆ ಒಂದು ಮಾತು ಕೇಳಲಿ

ಕೇಳುಗರಿಗೆ ನಮಸ್ಕಾರ.

ಹಳೆಯ ಫೈಲುಗಳನ್ನೆಲ್ಲ ಅಳಿಸಿಹಾಕುವ ಒಂದು ಬ್ಯಾಚ್ ಫೈಲ್, ಅಂದರೆ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲ್, ನಿಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಇದೆ ಅಂದುಕೊಳ್ಳಿ. ಡಬಲ್ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿ ತೆರೆದು ಕೆಲಸ ಶುರು. ನಿಜವಾಗಿ ಅಳಿಸಬೇಕಾ ಅಂತ ಯಾರನ್ನೂ ಕೇಳುವುದಿಲ್ಲ. ಅದು ಕೇಳುವ ಹಾಗೆ ಮಾಡುವುದು ಕಷ್ಟವೇನಲ್ಲ. ಆದರೆ ಸಿಕ್ಕ ಉತ್ತರವನ್ನು ಅದು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು, ಎಡವುವುದು ಅಲ್ಲೇ.

ಡಾಸ್ ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಂನಲ್ಲಿ ಇದಕ್ಕೆ ಇದ್ದದ್ದು ಪಾಜ್ ಕಮಾಂಡ್. ಯಾವುದಾದರೂ ಕೀ ಒತ್ತುವ ತನಕ ಸುಮ್ನೆ ಕಾಯುತ್ತಿತ್ತು. ಯಾವ ಕೀ ಅನ್ನುವುದು ಅದಕ್ಕೆ ಬೇಕಿರಲಿಲ್ಲ. 1993ರಲ್ಲಿ ಎಂಎಸ್-ಡಾಸ್ 6ರ ಜೊತೆ ಯಾವ ಕೀ ಒತ್ತಿದರು ಅಂತ ನೋಡುವ ಚಾಯ್ಸ್ ಕಮಾಂಡ್ ಬಂತು. ವಿಂಡೋಸ್ ಎಕ್ಸ್‌ಪಿಯಲ್ಲಿ ಅದನ್ನು ಕೊಟ್ಟಿರಲಿಲ್ಲ, ವಿಸ್ತಾದಲ್ಲಿ ಮತ್ತೆ ಬಂತು. ಯಾಕೆ ಬಿಟ್ಟಿದ್ದರೋ!

ಹೌದು ಅಥವಾ ಇಲ್ಲ ಅನ್ನುವಷ್ಟು ಉತ್ತರ ಸಾಕಾದರೆ ನಾನು ಚಾಯ್ಸ್ ಅನ್ನೇ ಹಿಡಿಯುತ್ತೇನೆ. ವೈ, ಎನ್ ಎರಡನ್ನು ಬಿಟ್ಟು ಬೇರೆ ಅಕ್ಷರ ಒತ್ತಿದರೆ ಬೀಪ್ ಅನ್ನುತ್ತದೆ, ಮುಂದೆ ಹೋಗುವುದಿಲ್ಲ. ಉತ್ತರವನ್ನು ಎರರ್‌ಲೆವೆಲ್ ಅನ್ನುವ ಸಂಖ್ಯೆಯಾಗಿ ಇಡುತ್ತದೆ: ವೈ ಒತ್ತಿದರೆ 1, ಎನ್ ಒತ್ತಿದರೆ 2. ಇಲ್ಲೇ ಎಡವುವ ಜಾಗ ಇದೆ. 'ಇಫ್ ಎರರ್‌ಲೆವೆಲ್ 1' ಅಂತ ಬರೆದರೆ 1 ಅಥವಾ ಅದಕ್ಕಿಂತ ಜಾಸ್ತಿ ಅಂತ ಅರ್ಥ. ಮೊದಲು 1 ಇದೆಯಾ ಅಂತ ನೋಡಿ ಅಳಿಸಲು ಕಳಿಸಿದಿರೋ, ಬೇಡ ಅಂತ ಎನ್ ಒತ್ತಿದವರ ಫೈಲೂ ಹೋಯಿತು! ಅದಕ್ಕೇ ದೊಡ್ಡ ಸಂಖ್ಯೆಯನ್ನು ಮೊದಲು ನೋಡಬೇಕು. 2 ಆದರೆ ಹೊರಗೆ, ಆಮೇಲೆ 1.

ಹೆಸರು, ಫೋಲ್ಡರ್, ತಾರೀಕು ಟೈಪ್ ಮಾಡಿಸಬೇಕಾದರೆ ಮಾತ್ರ ಸೆಟ್ ಸ್ಲ್ಯಾಷ್ ಪಿ ಕಮಾಂಡ್. ಟೈಪ್ ಮಾಡಿದ್ದನ್ನು ಅದು ವೇರಿಯಬಲ್ ಅನ್ನುವ, ಹೆಸರಿಟ್ಟ ಜಾಗದಲ್ಲಿ ಇಡುತ್ತದೆ. ಇದರಲ್ಲಿ ಏನೂ ಬರೆಯದೆ ಬರೀ ಎಂಟರ್ ಒತ್ತಿದರೆ ವೇರಿಯಬಲ್ ಖಾಲಿ ಆಗುವುದಿಲ್ಲ, ಅದರಲ್ಲಿ ಹಿಂದೆ ಇದ್ದದ್ದೇ ಉಳಿಯುತ್ತದೆ. ಹೋದ ಸಲ ಕೊಟ್ಟ ಫೋಲ್ಡರಿನ ಹೆಸರು ಒಳಗೇ ಕೂತಿದ್ದರೆ, ಈ ಸಲ ಅಳಿಯುವುದು ಅದೇ ಫೋಲ್ಡರ್. ಹಾಗಾಗಿ ಕೇಳುವ ಮುಂಚಿನ ಸಾಲಿನಲ್ಲೇ ವೇರಿಯಬಲ್ಲನ್ನು ಖಾಲಿ ಮಾಡಿ. ಪಾಸ್‌ವರ್ಡ್ ಅನ್ನಂತೂ ಇದರಲ್ಲಿ ಕೇಳಬೇಡಿ. ಟೈಪ್ ಮಾಡಿದ್ದೆಲ್ಲ ಪರದೆ ಮೇಲೆ ಕಾಣುತ್ತದೆ, ಅಲ್ವಾ?

ಪ್ರಶ್ನೆಯ ಮಾತೂ ಮುಖ್ಯವೇ. 'ಮುಂದುವರಿಯಲೇ?' ಅಂದರೆ ಯಾರೂ ಓದುವುದಿಲ್ಲ, ವೈ ಒತ್ತಿಬಿಡುತ್ತಾರೆ. 'ಡಿ ಡ್ರೈವಿನ ಬ್ಯಾಕಪ್ ಫೋಲ್ಡರ್ ಪೂರ್ತಿ ಅಳಿಸಲೇ?' ಅಂದರೆ ಕೈ ಒಂದು ಕ್ಷಣ ತಡೆಯುತ್ತದೆ. ಉತ್ತರ ಕೊಡದೆ ಕಾಫಿಗೆ ಎದ್ದು ಹೋಗುವವರಿಗೂ ದಾರಿ ಇದೆ. ಚಾಯ್ಸ್‌ಗೆ ಸ್ಲ್ಯಾಷ್ ಟಿ ಹಾಕಿ 30 ಕೊಡಿ, ಸ್ಲ್ಯಾಷ್ ಡಿ ಹಾಕಿ ಎನ್ ಕೊಡಿ. 30 ಸೆಕೆಂಡ್ ಕಾದು, ಬೇಡ ಅಂತ ತಾನೇ ತೀರ್ಮಾನಿಸುತ್ತದೆ.

ಇದೇ ಫೈಲನ್ನು ರಾತ್ರಿ, ಹೇಳಿದ ಹೊತ್ತಿಗೆ ತಾನೇ ಕೆಲಸ ಶುರು ಮಾಡುವ ಟಾಸ್ಕ್ ಶೆಡ್ಯೂಲರ್‌ನಿಂದ ಓಡಿಸುವುದಿದ್ದರೆ ಪ್ರಶ್ನೆ ಕೇಳಿ ಏನು ಪ್ರಯೋಜನ? ಆಗ ಉತ್ತರವನ್ನು ಫೈಲಿನ ಹೆಸರಿನ ಪಕ್ಕದಲ್ಲೇ ಕೊಟ್ಟು ಕಳಿಸಬಹುದು. ಬ್ಯಾಚ್ ಫೈಲಿನೊಳಗೆ ಅದು ಪರ್ಸೆಂಟ್ 1 ಅನ್ನುವುದರಲ್ಲಿ ಸಿಗುತ್ತದೆ. ಅದು ಖಾಲಿ ಇದ್ದರೆ ಮಾತ್ರ ಪ್ರಶ್ನೆ ಕೇಳುವ ಹಾಗೆ ಬರೆಯಿರಿ.

ನಮಸ್ಕಾರ.